ನೀರಿಲ್ಲದ ಪಾತಿಯಲ್ಲಿ ನಳನಳಿಸಿದ ತಗಚೆ

ನೀರು ನಿಲ್ಲಿಸಿ ಇಪ್ಪತ್ತೊಂದು ದಿನ. ಆದರೂ ಮಳೆ ತಡೆಯಲು ಕಟ್ಟಿದ ಪ್ಲಾಸ್ಟಿಕ್ ಮಾಡಿನ ಕೆಳಗಿನ ಎರಡು ಪಾತಿಗಳಲ್ಲಿ ತಗಚೆ ನಳನಳಿಸುತ್ತಿತ್ತು. ಪಕ್ಕದ ಕಾಂಗ್ರೆಸ್ ಗಿಡ ಬಾಡಿತ್ತು. ಜಯಶೀಲಾ ತಗಚೆಯ ಬುಡ ಕೆದಕಿದಳು. ಹಸಿ!

"ಯಾರೋ ನೀರು ಹಾಕಿದ್ದಾರೆ ಕಣೇ," ಎಂದಳು ಅದೇ ಲ್ಯಾಬಿನ ಗೆಳತಿಯಾದ ನನಗೆ. ಮುಖ ಬಿಳಿಚಿತ್ತು.

ಬಿಳಿಚದೆ ಇನ್ನೇನು? ಅದು 2003ರ ಸೆಪ್ಟೆಂಬರ್. ಭೂಮಿ ಕಾದು ಮಳೆ ಹೀಗೇ ಕೈಕೊಡುತ್ತಾ ಹೋದರೆ ಗೆಲ್ಲುವುದು ಹೊರದೇಶದ ಕಾಂಗ್ರೆಸ್ ಗಿಡವೋ, ನಮ್ಮ ನೆಲದ ತಗಚೆಯೋ? ಅದೇ ಅವಳ ಪಿಎಚ್.ಡಿ. ಮೂರು ವರ್ಷ ಶಿವಮೊಗ್ಗದಿಂದ ಮಧ್ಯಾಹ್ನದ ಬಸ್ಸಿಗೆ ಜನ್ನಾಪುರಕ್ಕೆ, ಗೈಡ್ ಪ್ರಸನ್ನಕುಮಾರರ ಹಿತ್ತಲಿಗೆ ಬಂದು ಎಲೆ ಎಣಿಸಿದ್ದಳು. ಅಂದು ಮಾತ್ರ ಇಬ್ಬರೂ ಮೊದಲ ಬಸ್ಸಿಗೇ ಬಂದಿದ್ದೆವು. ಮೂರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತೇ?

ತೋಟ ನೋಡುವ ಪುಟ್ಟಯ್ಯನದೇ ಕೆಲಸ ಎಂದರು ಸರ್. ನಾಳೆಯಿಂದ ಬರಬೇಡ ಎಂದೂ ಹೇಳಿದರು. ಅವನು ತಾನಲ್ಲ ಎಂದು ದೇವರಾಣೆ ಇಟ್ಟ. ನನಗೆ ತಡೆಯಲಾಗಲಿಲ್ಲ. ನಮ್ಮ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿ ಅದೇ ಊರಲ್ಲಿದ್ದ ಸುಭದ್ರಮ್ಮನನ್ನು ಕರೆತಂದೆ. ಆಕೆಯ ಕಣ್ಣು ತಪ್ಪಿಸುವುದು ಸುಲಭವಲ್ಲ.

"ಪುಟ್ಟಯ್ಯ, ನೀನು ನೀರು ಹಾಕೋದು ಹೆಂಗೆ?"

"ಜರಡಿ ಡಬ್ಬದಲ್ಲಿ ಅಮ್ಮ. ಪಾತಿ ಪೂರ್ತಿ ನೆನೀತದೆ."

ಇಲ್ಲಿ ನೆನೆದದ್ದು ತಗಚೆಯ ಬುಡ ಮಾತ್ರ. ಸುಭದ್ರಮ್ಮ ಬಗ್ಗಿ ಎರಡು ಪುಟ್ಟ ಬಿಳಿ ಹೂ ಹೆಕ್ಕಿದರು. ಗಾಳಿಗೆ ಬಂದಿರಬೇಕು ಎಂದುಕೊಂಡೆ.

"ಸರ್, ಬೆಳಿಗ್ಗೆ ಶಿವಪೂಜೆ ಮಾಡ್ತೀರಲ್ಲ — ಆ ನೀರು ಎಲ್ಲಿ ಚೆಲ್ಲುತ್ತೀರಿ?"

"ಯಾರೂ ತುಳಿಯದ ಕಡೆ. ಬಿಲ್ವದ ಬುಡಕ್ಕೆ. ಯಾಕೆ?"

"ಇದು ತುಂಬೆ ಹೂವು, ಶಿವನಿಗೆ ಏರಿಸೋದು. ಈ ಹಿತ್ತಲಲ್ಲಿ ತುಂಬೆ ಗಿಡವೇ ಇಲ್ಲ. ಬಕೆಟ್ ಹಿಡಿದು ಹೋದ್ರೆ ಪುಟ್ಟಯ್ಯ ಕೇಳ್ತಿದ್ದ. ಪೂಜೆ ಕೊಡ ಹಿಡಿದೋರನ್ನ ಯಾರು ಕೇಳ್ತಾರೆ? ಇವಳು ಬರೋ ಮಧ್ಯಾಹ್ನಕ್ಕೆ ಮೇಲ್ಮಣ್ಣು ಒಣಗಿರ್ತಿತ್ತು. ನೀರು ಹಾಕಿದ್ದು ನೀವೇ ಸರ್."

ಬರದಲ್ಲೂ ತಗಚೆಯೇ ಕಾಂಗ್ರೆಸ್ ಗಿಡವನ್ನು ಅಡಗಿಸುತ್ತದೆ ಎಂದು ಸರ್ ಊರೂರಲ್ಲಿ ಭಾಷಣ ಮಾಡಿದ್ದರು. ಅದೇ ಮಾತಿನ ಪುಸ್ತಕವೂ ಅಚ್ಚಿಗೆ ಹೋಗಿತ್ತು.

"ತಗಚೆ ಗೆದ್ರೆ ನಿನಗೂ ಹೆಸರು ಮಗಳೇ..." ಎಂದರು ಜಯಶೀಲಾಳ ಕಡೆ ತಿರುಗಿ.

ಮಗಳಂತೆ!

"ಮೊದಲೆರಡು ವರ್ಷವೂ ಹೀಗೇ ಹಾಕಿದ್ರಾ?" ಎಂದಳು ಜಯಶೀಲಾ.

ಅವರು ಹೌದೆಂದು ತಲೆ ತಗ್ಗಿಸಿದರು.

ಆ ಎರಡು ವರ್ಷದ ಲೆಕ್ಕ ನಂಬಿಯೇ ಅವಳು ಸೋಗಾನೆಯಲ್ಲಿ ರೈತರನ್ನು ಕೂರಿಸಿಕೊಂಡು ತಗಚೆ ಬೆಳೆದರೆ ಸಾಕು ಎಂದು ಹೇಳಿದ್ದಳು. ಅವರು ಬದುವಿನುದ್ದಕ್ಕೂ ತಗಚೆ ಬೀಜ ಎರಚಿ, ಕಾಂಗ್ರೆಸ್ ಗಿಡ ಕೀಳುವುದನ್ನೇ ಬಿಟ್ಟಿದ್ದರು.

"ಅವರ ಮುಂದೆ ನಿಂತು ಸುಳ್ಳು ಹೇಳಿದ್ದು ನಾನು ಸರ್. ನಿಮ್ಮನ್ನ ನಂಬಿ."

ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ನಡಿಯೇ. ಇವತ್ತೇ ಸೋಗಾನೆಗೆ ಹೋಗಿ ಹೇಳಬೇಕು."