ತೊಗರಿ ಹೊಲದ ಪಟ್ಟಾದಾರ

ನಿಜಾಮರ ಸರ್ಕಾರದಲ್ಲಿ ನಾನು ಕಲಬುರಗಿಯ ಕಂದಾಯ ಗುಮಾಸ್ತ. ಕಮಲಾಪುರದ ಅಣವೀರಪ್ಪ ಪ್ಲೇಗಿನಲ್ಲಿ ಸತ್ತಿದ್ದ. ಅವನ ಹೊಲದ ಪಟ್ಟಾವನ್ನು ಹೆಂಡತಿ ಚಂದಮ್ಮನ ಹೆಸರಿಗೆ ಮಾಡಲು ಹೋಗಿದ್ದೆ. ಬದುವಿನ ಮೇಲೆ ನಿಂತು, ಚಂದಮ್ಮ ಮತ್ತು ಊರವರೆದುರು, ಪದ್ಧತಿಯಂತೆ ಹಳೆಯ ಪಟ್ಟಾದಾರನ ಹೆಸರು ಕೂಗಿದೆ.

"ಓ, ಬಂದೆರೀ!" ಎಂದಿತು ತೊಗರಿಯೊಳಗಿಂದ ಗಂಡಸಿನ ದನಿ.

ನೆತ್ತಿ ಸುಡುವ ಬಿಸಿಲು, ಗಾಳಿಯಿಲ್ಲ. ಆದರೂ ಯಾರೋ ನಡೆದು ಬಂದಂತೆ ಗಿಡಗಳು ಅಲುಗಿದವು. ಅಲುಗಾಟ ನಮ್ಮ ಹತ್ತಿರ ಬಂದು ನಿಂತಿತು. ಯಾರೂ ಕಾಣಲಿಲ್ಲ.

ಚಂದಮ್ಮ ತಲೆಯ ಮೇಲೆ ಸೆರಗು ಹೊದ್ದುಕೊಂಡಳು. "ಅವರದೇ ದನಿ ಅದ ಸಾಹೇಬ್ರ. ನನ್ನ ಹೆಸರು ಹಚ್ಚಬ್ಯಾಡ್ರಿ."

"ಹಂಗಾದ್ರ ಹೊಲ ನಿನ್ನ ಮೈದುನ ನುಂಗ್ತಾನವ್ವಾ" ಎಂದೆ. ಅವಳು ಒಪ್ಪಲಿಲ್ಲ. ಪಟ್ಟಾ ಗಂಡನ ಹೆಸರಿನಲ್ಲೇ ಉಳಿಯಿತು.

ಮೈದುನನಿಗೆ ಹೆದರಿ ಆ ವರ್ಷ ಯಾರೂ ಅವಳ ಹೊಲಕ್ಕೆ ಕೂಲಿಗೆ ಹೋಗಲಿಲ್ಲ. ಆದರೂ ಒಂದು ಬೆಳಗ್ಗೆ, ರಾಶಿಯಾದ ತೊಗರಿ ಚೀಲ ತುಂಬಿ ಅವಳ ಪಡಸಾಲೆಯಲ್ಲಿತ್ತು.