ಒಂದು ತಿಂಗಳ ಹನಿ

ಫ್ರಿಜ್ಜಿನ ಕೆಳಗಿನ ಖಾನೆಯಿಂದ ಬಾಟಲಿ ತೆಗೆದು, ಮುಚ್ಚಳ ತಿರುವಿ, ಒಳಗಿದ್ದ ನೀರನ್ನೆಲ್ಲ ಸಿಂಕಿಗೆ ಸುರಿದೇಬಿಟ್ಟಳು ಸಾಸಿವೆ. ಗುಳುಗುಳು ಅಂತ ಒಂದು ಸದ್ದು, ಅಷ್ಟೇ. ಆಮೇಲೆ ಕುಡಿಯುವ ನೀರಿನ ಫಿಲ್ಟರಿನಿಂದ ಬಾಟಲಿ ತುಂಬಿ, ಮುಚ್ಚಳ ಬಿಗಿದು, ಇದ್ದಲ್ಲೇ ಇಟ್ಟಳು.

ಮಾತುಮಾತಿಗೂ ಚಟಪಟ ಸಿಡಿಯುತ್ತಾಳೆ ಅಂತ ಮನೆಯಲ್ಲಿ ಅವಳಿಗೆ ಸಾಸಿವೆ ಅಂತಲೇ ಹೆಸರು. ಇವತ್ತು ಮಾತ್ರ ಸದ್ದಿಲ್ಲದೆ ಸಿಡಿದಿದ್ದಳು.

ಅವಳ ಅಮ್ಮ ಗುಹೆ ವಿಜ್ಞಾನಿ. ಗುಹೆಯ ಚಾವಣಿಯಿಂದ ತೊಟ್ಟಿಕ್ಕುವ ನೀರಿನ ಕೆಳಗೆ ಬಾಟಲಿ ಇಟ್ಟು ಬರುವುದು, ತಿಂಗಳಾದ ಮೇಲೆ ಹೋಗಿ ತರುವುದು, ಅದರಲ್ಲಿ ಎಷ್ಟು ಸುಣ್ಣ ಇದೆ ಅಂತ ಪರೀಕ್ಷೆ ಮಾಡುವುದು ಅಮ್ಮನ ಕೆಲಸ. ಮೊದಲೆಲ್ಲ ಸಾಸಿವೆಗೆ ಅದರಿಂದ ಏನೂ ತೊಂದರೆ ಇರಲಿಲ್ಲ. ತೊಂದರೆ ಶುರುವಾಗಿದ್ದು ಅಮ್ಮನಿಗೆ ಹೊಸ ಸ್ಟೂಡೆಂಟ್ ಬಂದ ಮೇಲೆ. ಅವಳಿಗೆ ಸಾಸಿವೆ ಇಟ್ಟ ಹೆಸರು ಹೆಲ್ಮೆಟ್ ಅಕ್ಕ.

ಆ ಅಕ್ಕನನ್ನು ಕಂಡರೆ ಸಾಸಿವೆಗೆ ಹೊಟ್ಟೆಕಿಚ್ಚು. ಅಲ್ಪಸ್ವಲ್ಪ ಅಲ್ಲ, ಮೈಯೆಲ್ಲ ಉರಿಯುವಷ್ಟು. ಯಾಕೆ ಉರಿಯಬಾರದು ಹೇಳಿ? ಸ್ವಂತ ಮಗಳು ಸಾಸಿವೆ ಒಂದೇ ಒಂದು ಸಲ ಗುಹೆ ಕಂಡಿಲ್ಲ. ಅಕ್ಕ ಬಂದ ವಾರಕ್ಕೇ ಒಳಗೆ ಹೋದಳು. ಈಗ ಇಬ್ಬರೂ ಹಿತ್ತಿಲಲ್ಲಿ ಕೆಸರಾದ ಹಗ್ಗ ತೊಳೆಯುತ್ತ ಬಿದ್ದು ಬಿದ್ದು ನಗುತ್ತಿದ್ದರು. ಯಾಕೆ ನಗು ಅಂತ ಸಾಸಿವೆ ಹೋಗಿ ಕೇಳಿದ್ದಕ್ಕೆ, "ಅದು ಗುಹೇಲಿ ಆಗಿದ್ದು ಕಣೇ, ನಿಂಗೆ ಅರ್ಥ ಆಗಲ್ಲ" ಅಂದಿದ್ದಳು ಅಮ್ಮ.

ಫ್ರಿಜ್ಜಿನಲ್ಲಿದ್ದ ಗುಹೆ ನೀರಿನ ಬಾಟಲಿ ತಂದವಳು ಅಕ್ಕ. ನೀರಲ್ಲಿ ಏನಾದರೂ ಎಡವಟ್ಟಾದರೆ ಅಕ್ಕನಿಗೇ ಮಂಗಳಾರತಿ. ಚೆನ್ನಾಗಿ ಆಗಲಿ ಅನ್ನುವುದು ಸಾಸಿವೆಯ ಲೆಕ್ಕಾಚಾರ.

ಲೆಕ್ಕಾಚಾರ ತಲೆಕೆಳಗಾಯಿತು. ಸಂಜೆ ಅಮ್ಮ ತನ್ನ ಕೋಣೆಯಲ್ಲಿ ಮೀಟರಿನ ಕಡ್ಡಿಯನ್ನು ಬಾಟಲಿಗೆ ಅದ್ದಿದಳು. ಒರೆಸಿ ಮತ್ತೆ ಅದ್ದಿದಳು. ನೀರಲ್ಲಿ ಸುಣ್ಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ! ಬಾಟಲಿ ಅದೇ ತಾನೇ, ಮುಚ್ಚಳ ಬಿಗಿಯಾಗಿತ್ತು ತಾನೇ ಅಂತ ಕೇಳಿದಳು. ಅಕ್ಕ ಹೌದೆಂದಳು. ಹಾಗಾದರೆ ಮೇಲೆಲ್ಲೋ ಹೊಸ ಬಿರುಕು ಬಿಟ್ಟಿರಬೇಕು, ಮಳೆನೀರು ಸುಣ್ಣದ ಕಲ್ಲಿನಲ್ಲಿ ನಿಲ್ಲದೆ ನೇರವಾಗಿ ಇಳಿಯುತ್ತಿರಬೇಕು, ಇದು ಬಹಳ ದೊಡ್ಡ ವಿಷಯ ಅಂತ ಅಮ್ಮ ಅಕ್ಕನ ಬೆನ್ನು ತಟ್ಟಿದಳು.

ಬಾಗಿಲ ಹತ್ತಿರ ನಿಂತಿದ್ದ ಸಾಸಿವೆಗೆ ಅಳುವೇ ಬಂತು. ಸುಣ್ಣ ತೆಗೆದುಹಾಕಿದ್ದು ಮನೆಯ ಫಿಲ್ಟರ್, ಹೊಗಳಿಕೆ ಮಾತ್ರ ಅಕ್ಕನಿಗೆ!

ಅಮ್ಮ ಗೋಡೆಯ ಮೇಲಿದ್ದ ಗುಹೆಯ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದಳು. ಬಿರುಕು ಹುಡುಕಬೇಕಾದರೆ ಇಕ್ಕಟ್ಟಾದ ಒಂದು ಸಂದಿಯಲ್ಲಿ ತೆವಳಿಕೊಂಡು ಹೋಗಬೇಕು. ಅಮ್ಮನ ಹೆಗಲು ಅದರಲ್ಲಿ ಹಿಡಿಸುವುದಿಲ್ಲ.

"ನೀನೇ ಹೋಗ್ಬೇಕಾಗುತ್ತೆ. ಆಗುತ್ತಾ?"

"ಹೋಗ್ತೀನಿ ಮೇಡಂ."

ಅಕ್ಕ ನಗುತ್ತಲೇ ಅಂದಳು. ಆದರೆ ಬೆನ್ನ ಹಿಂದೆ ಕಟ್ಟಿಕೊಂಡಿದ್ದ ಅವಳ ಕೈ ಸಾಸಿವೆಗೆ ಕಾಣುತ್ತಿತ್ತು. ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದವು. ಪರೀಕ್ಷೆಯ ದಿನ ಸಾಸಿವೆ ಮಾಡುವುದೂ ಹಾಗೆಯೇ. ಅಕ್ಕನಿಗೆ ಭಯವಾಗಿತ್ತು.

ಇಲ್ಲದ ಬಿರುಕು ಹುಡುಕಲು ಹೋಗಿ ಅಕ್ಕ ಆ ಸಂದಿಯಲ್ಲಿ ಸಿಕ್ಕಿಹಾಕಿಕೊಂಡರೆ? ಸಾಸಿವೆಗೆ ಬಾಯಿಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡ ಹಾಗಾಗಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೊನೆಗೆ ಉಗುಳಿದಳು.

"ಅದು ಫಿಲ್ಟರ್ ನೀರು. ಗುಹೆ ನೀರು ನಾನು ಚೆಲ್ಲಿದೆ."

ಅಮ್ಮ ಬೈಯಲಿಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಒಂದು ತಿಂಗಳು ಹನಿ ಹನಿಯಾಗಿ ಬಿದ್ದ ನೀರು ಕಣೇ ಅದು" ಅಂತ ಮೆಲ್ಲಗೆ ಹೇಳಿ, ಅಡುಗೆಮನೆಗೆ ಹೋಗಿ ಸಿಂಕಿನ ಮುಂದೆ ನಿಂತುಬಿಟ್ಟಳು. ಎರಡು ಏಟು ಕೊಟ್ಟಿದ್ದರೂ ಸಾಸಿವೆಗೆ ಅಷ್ಟು ನೋಯುತ್ತಿರಲಿಲ್ಲ.

ಅಕ್ಕ ಸ್ಟೂಲಿನ ಮೇಲೆ ಕುಸಿದು ಕೂತಳು. ಯಾಕೆ ಚೆಲ್ಲಿದೆ ಅಂತ ಕೇಳಿದಳು.

"ಅಮ್ಮ ನಿಮಗೆ ಬೈಲಿ ಅಂತ."

ಅಕ್ಕ ನಕ್ಕುಬಿಟ್ಟಳು. "ಅಯ್ಯೋ, ಅದಕ್ಕೆ ನೀನ್ಯಾಕೆ ಕಷ್ಟಪಟ್ಟೆ? ದಿನಾ ಬೈತಾರಲ್ಲ!"

ಗುಹೆಗೆ ಕಾಲಿಟ್ಟಲ್ಲಿಂದ ಹೊರಗೆ ಬರುವವರೆಗೂ ಬೈಗುಳವೇ ಅಂತೆ. ಒದ್ದೆ ಕಲ್ಲಿಗೆ ಕೈ ತಾಗಿಸಿದರೆ ಬೈಗುಳ, ಹೆಲ್ಮೆಟ್ಟಿನ ಪಟ್ಟಿ ಸಡಿಲವಾದರೆ ಬೈಗುಳ, ಹಿಂದೆ ಉಳಿದರೆ ಬೈಗುಳ, ಮುಂದೆ ಹೋದರೆ ಇನ್ನೂ ಜಾಸ್ತಿ. ಹಿತ್ತಿಲಲ್ಲಿ ನಕ್ಕಿದ್ದೂ ಅದಕ್ಕೇ. ಬೈಯುವ ಭರದಲ್ಲಿ ಅಮ್ಮನೇ ಜಾರಿ ಕೆಸರಲ್ಲಿ ದಬಕ್ಕನೆ ಕೂತುಬಿಟ್ಟಿದ್ದಳಂತೆ.

"ನಿಂಗೂ ಹೀಗೇ ಬೈತಾರಾ?" ಅಂತ ಕೇಳಿದಳು ಅಕ್ಕ.

"ಹೂಂ. ರಸ್ತೆ ದಾಟುವಾಗಂತೂ ಕೇಳಲೇಬೇಡಿ."

ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮನ ದನಿ ಬಂತು. ಈ ಸಲ ಮೆಲ್ಲಗೆ ಅಲ್ಲ. "ಸಾಸಿವೇ, ಬಾ ಇಲ್ಲಿ! ನೀನೂ ಬಾರಮ್ಮಾ! ಮುಚ್ಚಳಕ್ಕೆ ಟೇಪ್ ಸುತ್ತಿಡು ಅಂತ ನಿಂಗೆ ಎಷ್ಟು ಸಲ ಹೇಳಿದೀನಿ?"

ಇಬ್ಬರೂ ಹೋಗಿ ನಿಂತರು. ಬೈಗುಳ ಶುರುವಾಯಿತು. ಒಂದು ಇವಳಿಗೆ, ಒಂದು ಅವಳಿಗೆ, ಅದೇ ದನಿ, ಅದೇ ಸಿಟ್ಟು. ಸಾಸಿವೆ ಕಳ್ಳಗಣ್ಣಿನಲ್ಲಿ ಪಕ್ಕಕ್ಕೆ ನೋಡಿದಳು. ಅಕ್ಕ ತಲೆ ತಗ್ಗಿಸಿ, ಅರ್ಧ ಮೈ ಬಾಗಿಲ ಹೊರಗೇ ಇಟ್ಟುಕೊಂಡು ನಿಂತಿದ್ದಳು.

ಅಡುಗೆಮನೆಯ ಬಾಗಿಲು ಕಿರಿದು. ಸಾಸಿವೆ ಒಂಚೂರು ಸರಿದು ಅವಳಿಗೂ ಜಾಗ ಮಾಡಿಕೊಟ್ಟಳು.