ಎರಡು ಶರಬತ್ತು

"ಊಟ ಇಲ್ಲ. ಇದ್ದರೂ ನಿಮಗಿಲ್ಲ."

ಅರ್ಧ ಎಳೆದ ಶಟರಿನಡಿ ಬಗ್ಗಿ ಒಳಗೆ ಬಂದವನು ಅಲ್ಲೇ ನಿಂತ. ಬೆಂಚುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ ಅವಳು ತಿರುಗಿಯೂ ನೋಡಲಿಲ್ಲ. ನೋಡುವುದೇನು ಬಂತು, ಆ ಹೆಜ್ಜೆ ಸದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಮೈಯೆಲ್ಲ ಉರಿಯಿತು.

ಗಿರಾಕಿಗಳು ಅವಳನ್ನು ಬೆನ್ನ ಹಿಂದೆ 'ಮೆಣಸಿನಕಾಯಿ' ಅನ್ನುತ್ತಿದ್ದರು. ಸುಮ್ಮನೆ ಬಂದ ಹೆಸರಲ್ಲ ಅದು! ಆದರೆ ಅಪ್ಪ ಹೋದ ಮೇಲೆ ಆ ಬಾಯಿಯೂ ಸೋತುಹೋಗಿತ್ತು. ಇವತ್ತು ಇವನ ಹೆಜ್ಜೆ ಕೇಳಿ ಅದಕ್ಕೆ ಮತ್ತೆ ಜೀವ ಬಂತು.

"ಹೋಟೆಲು ಮುಚ್ತಿದ್ದೀರಂತೆ..." ಅಂದ ಅವನು.

"ಮುಚ್ಚಿಸಿದವರಿಗೆ ಇಷ್ಟು ತಡವಾಗಿ ಗೊತ್ತಾಯ್ತಾ?"

ಇವನು ಪತ್ರಿಕೆಯವನು. ಊರಲ್ಲಿ ತನಗಿಷ್ಟವಾದ ತಿನ್ನುವ ಜಾಗಗಳು ಅಂತ ಒಂದು ಭಾನುವಾರ ಇಡೀ ಪುಟ ಬರೆದಿದ್ದ. ಬಸ್ ನಿಲ್ದಾಣದೆದುರಿನ ಆಮ್ಲೆಟ್ ಗಾಡಿ, ಸೇತುವೆ ಪಕ್ಕದ ಕಾಫಿ ಅಂಗಡಿ, ಥಿಯೇಟರಿನ ಹಿಂದೆ ಸಿಗುವ ಶುಂಠಿ ಸೋಡಾ... ಎಲ್ಲ ಇತ್ತು. ದಿನಾ ಮಧ್ಯಾಹ್ನ ತಾನೇ ಕೂತು ಸೂಪು ಕುಡಿಯುತ್ತಿದ್ದ ಈ ಹೋಟೆಲು ಮಾತ್ರ ಇರಲಿಲ್ಲ.

ಅಪ್ಪ ಅದನ್ನು ಓದಿ, ಮಡಚಿಟ್ಟು, ಒಲೆ ಮುಂದೆ ಹೋಗಿ ನಿಂತಿದ್ದ. ಗಿರಾಕಿಗಳು ಒಬ್ಬೊಬ್ಬರಾಗಿ ಕಮ್ಮಿಯಾದರು. ಚಳಿ ಕಳೆಯುವುದರೊಳಗೆ ಅಪ್ಪನೂ ಹೋದ. ಡಾಕ್ಟರು ಹೃದಯ ನಿಂತಿತು ಅಂದರು. ಅವಮಾನ ನಿಲ್ಲಿಸಿತು ಅಂದುಕೊಂಡಳು ಅವಳು. ಅವತ್ತು ನೋಡಲು ಬಂದಿದ್ದ ಇವನನ್ನು ಬಾಗಿಲಿಂದಲೇ ಅಟ್ಟಿದ್ದಳು.

"ನಮ್ಮಪ್ಪನ ಸೂಪು ಅಷ್ಟು ಕೆಟ್ಟದಾಗಿತ್ತಾ?" ಕೇಳಿದಳು. "ಅದರ ಜೊತೆ ದಿನಾ ಎರಡೆರಡು ನಿಂಬೆ ಶರಬತ್ತು ತರಿಸ್ತಿದ್ರಲ್ಲ, ಆಡಿಕೊಳ್ಳೋಕೆ ತಾನೆ?"

ಅವನು ತಲೆ ತಗ್ಗಿಸಿದ. "ನೀವು ಯಾವತ್ತಾದ್ರೂ ರುಚಿ ನೋಡಿದ್ರಾ?"

ಹೋಟೆಲಿನಲ್ಲಿ ಬೆಳೆದ ಮಕ್ಕಳನ್ನು ಕೇಳಿ ನೋಡಿ, ಆ ಅಡುಗೆ ಅವರ ಗಂಟಲಲ್ಲಿ ಇಳಿಯುವುದಿಲ್ಲ. ಬೆಳಗಾದರೆ ಮೂಗಿಗೆ ಅದೇ ವಾಸನೆ. ಅವಳು ಸೂಪು ಬಾಯಿಗಿಟ್ಟು ವರ್ಷಗಳೇ ಆಗಿದ್ದವು. ಹಿಂದಿನ ಕೋಣೆಯಲ್ಲಿ ಬ್ರೆಡ್ಡು, ಮೊಟ್ಟೆ ತಿಂದು ಏಳುತ್ತಿದ್ದಳು. ಆ ಪಾತ್ರೆಗೆ ಸೌಟು ಹಾಕುವ ಹಕ್ಕೂ ಅಪ್ಪನೊಬ್ಬನದೇ.

"ಯಜಮಾನ್ರಿಗೆ ಜ್ವರ ಬಂದಿತ್ತಲ್ಲ," ಅವನು ಮೆಲ್ಲಗೆ ಹೇಳಿದ. "ಆಮೇಲೆ ಅವರ ನಾಲಿಗೆಗೆ ರುಚೀನೇ ಗೊತ್ತಾಗ್ತಿರಲಿಲ್ಲ. ಅಂದಾಜಲ್ಲಿ ಉಪ್ಪು ಹಾಕ್ತಿದ್ರು. 'ಪೇಪರಲ್ಲಿ ಬರೀಬೇಡ ಕಣಪ್ಪ, ಹೊಸಬರು ಬಂದು ಬಟ್ಟಲು ತಳ್ಳಿ ಎದ್ದು ಹೋದ್ರೆ ನಾನು ತಡ್ಕೊಳ್ಳಲ್ಲ. ಮಗಳಿಗೂ ಹೇಳ್ಬೇಡ, ಅವಳು ನನ್ನನ್ನ ಒಲೆ ಹತ್ರ ಬಿಡಲ್ಲ' ಅಂದಿದ್ರು."

"ಸುಳ್ಳು."

ಸುಳ್ಳು ಅಂದಳೇ ಹೊರತು ಕಾಲು ಫ್ರಿಜ್ಜಿನ ಕಡೆಗೆ ನಡೆದಿತ್ತು. ಅಪ್ಪ ಕೊನೆಯ ದಿನ ಮಾಡಿದ್ದ ಸೂಪು ಫ್ರೀಜರಿನಲ್ಲಿ ಒಂದು ಡಬ್ಬಿ ಉಳಿದಿತ್ತು. ಎಸೆಯಲು ಕೈ ಬಂದಿರಲಿಲ್ಲ. ಸಂಜೆಗೆ ಆ ಫ್ರಿಜ್ಜನ್ನೂ ಕೊಂಡವರು ಒಯ್ಯುವವರಿದ್ದರು.

ಬಿಸಿ ಮಾಡಿ, ಅಪ್ಪನ ಸೌಟಿನಲ್ಲೇ ತೆಗೆದು ಬಾಯಿಗಿಟ್ಟಳು.

ಉಪ್ಪು... ಬರೀ ಉಪ್ಪು. ನುಂಗಲು ಆಗಲಿಲ್ಲ, ಉಗುಳಲು ಮನಸ್ಸು ಬರಲಿಲ್ಲ. ಅಪ್ಪನ ಕೈಯಡುಗೆ, ಹೇಗೆ ಉಗುಳುವುದು? ಕಣ್ಣು ಮುಚ್ಚಿ ನುಂಗಿದಳು.

'ಒಂದೇ ಸೂರಿನಡಿ ಇದ್ದೆನಲ್ಲಪ್ಪಾ... ಒಂದೇ ಒಂದು ಸಲ ರುಚಿ ನೋಡಿದ್ದರೆ...'

ಒಲೆಕಟ್ಟೆ ಹಿಡಿದು ಕುಸಿದು ಕೂತಳು. ಇಷ್ಟು ದಿನ ಬಾರದ ಅಳು ಒಮ್ಮೆಲೇ ಬಂತು.

ಅವನೂ ಎದುರಿಗೆ ನೆಲದ ಮೇಲೇ ಕೂತ. "ತಪ್ಪು ನಂದೂ ಇದೆ. 'ಹೇಗಿದೆ' ಅಂತ ದಿನಾ ಬಂದು ಕೇಳೋರು. 'ಚೆನ್ನಾಗಿದೆ' ಅಂತಿದ್ದೆ. ಖಾಲಿ ಬಟ್ಟಲು ನೋಡಿದ್ರೆ ಅವರ ಮುಖ ಅರಳೋದು... ನಿಜ ಹೇಳೋಕೆ ನನಗೆ ಧೈರ್ಯ ಬರಲಿಲ್ಲ."

"ಇದನ್ನ ದಿನಾ ಹೇಗೆ ಕುಡಿದ್ರಿ?"

"ಶರಬತ್ತು ಇತ್ತಲ್ಲ."

"ಯಾಕೆ ಕುಡಿದ್ರಿ?"

"ಮೊದಮೊದಲು ಯಜಮಾನ್ರಿಗೋಸ್ಕರ. ಆಮೇಲೆ ನಿಮಗೋಸ್ಕರ. ಎರಡು ಶರಬತ್ತು ಹೇಳಿದ್ರೆ ನೀವು ಎರಡು ಸಲ ಬರ್ತಿದ್ರಿ. ತಂದು ಕುಕ್ಕಿ ಹೋಗ್ತಿದ್ರಿ, ಆದ್ರೂ ಬರ್ತಿದ್ರಲ್ಲ... ನನಗೆ ನೀವಂದ್ರೆ ತುಂಬಾ ಇಷ್ಟ."

ಇವನಿಗೆ ಇಷ್ಟು ದಿನ ಹಾಕಿದ ಶಾಪವೆಲ್ಲ ಅವಳಿಗೆ ನೆನಪಾಯಿತು. ಎದ್ದು, ಸೂಪನ್ನೆಲ್ಲ ಒಂದೇ ಬಟ್ಟಲಿಗೆ ಸುರಿದಳು. ಎರಡು ಚಮಚ ಇಟ್ಟಳು. ಹೋಟೆಲು ನಾಳೆಯಿಂದ ಇರುವುದಿಲ್ಲ, ಅದನ್ನು ಇನ್ನು ಯಾರೂ ತಡೆಯುವ ಹಾಗಿರಲಿಲ್ಲ. ಆದರೆ ಅಪ್ಪನ ಕೊನೆಯ ಬಟ್ಟಲು ಉಳಿಯಬಾರದು.

ಇಬ್ಬರೂ ಒಂದೊಂದೇ ಚಮಚ ಕುಡಿದರು. ಬಟ್ಟಲು ಖಾಲಿಯಾದಾಗ ಅವಳು ಅದನ್ನೆತ್ತಿಕೊಂಡು ರೂಢಿಯಂತೆ ಒಲೆಯ ಕಡೆ ತಿರುಗಿದಳು, ಅಪ್ಪನಿಗೆ ತೋರಿಸಲು. ಅಲ್ಲಿ ಯಾರೂ ಇರಲಿಲ್ಲ.

ಅವನು ಬಟ್ಟಲನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡ.

"ಶರಬತ್ತು ಸಿಗುತ್ತಾ?"

"ಎಷ್ಟು?" ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

"ಎರಡು."

"ಎರಡೂ ಒಟ್ಟಿಗೇ ತರ್ತೀನಿ... ಒಂದು ನನಗೆ."

"ಕುಕ್ಕಿ ಹೋಗಲ್ಲ ತಾನೆ?"

"ಇಲ್ಲ. ಇಲ್ಲೇ ಕೂರ್ತೀನಿ."